ತೇರಿಲ್ಲದ ಜಾತ್ರೇಲಿ ಒಂದು ಐಬ್ರೋ ಅಂಗಡಿ: ಒಂದು ಪ್ರಕರಣ

ಮೊದಲೇ ಹೇಳಿಬಿಡ್ತೀನಿ, ಇದು ನಡೆದಿದ್ದು ಅಮೆರಿಕದ ಮಿಡ್‌ವೆಸ್ಟ್ ಕಡೆ ಒಂದು ಮಧ್ಯಮ ಗಾತ್ರದ ಊರಿನ ಹೊರವಲಯದಲ್ಲಿ. ಊರಿನ ಹೆಸರು, ಮಾಲ್ ಹೆಸರು, ಅಲ್ಲಿದ್ದ ದೊಡ್ಡ ಅಂಗಡಿಗಳ ಹೆಸರು ಯಾವ್ದೂ ಹಾಕಲ್ಲ, ದುಡ್ಡಿನ ಲೆಕ್ಕಾನೂ ಗುರುತು ಸಿಗಬಾರ್ದು ಅಂತ ಸ್ವಲ್ಪ ಆಚೆ ಈಚೆ ಮಾಡಿದೀನಿ. ಅಂಗಡಿ ನಡೆಸ್ತಿದ್ದ ಗಂಡ ಹೆಂಡತೀನ ಭಾವ, ಅಕ್ಕ ಅಂತಾನೇ ಬರೀತೀನಿ. ಸಂಬಂಧ ಏನಿಲ್ಲ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯ ಆದವ್ರು, ಆದ್ರೆ ವರ್ಷಗಳಿಂದ ನಾನು ಹಾಗೇ ಕರೆಯೋದು. ಅವರ ಲೆಕ್ಕಪತ್ರ, ಟ್ಯಾಕ್ಸು ಎಲ್ಲ ನಾನೇ ನೋಡ್ಕೊಳ್ತಿದ್ದೆ, ಹಾಗಾಗಿ ಇದ್ರಲ್ಲಿ ಆದ ದೊಡ್ಡ ತಪ್ಪಲ್ಲಿ ನನ್ನ ಪಾಲೂ ಇದೆ. ಇಬ್ರೂ "ಬರಿ, ಇನ್ನೊಬ್ರಿಗಾದ್ರೂ ಉಪಯೋಗಕ್ಕೆ ಬರ್ಲಿ" ಅಂದ ಮೇಲೇನೇ ಬರೀತಿರೋದು.

ಹಿನ್ನೆಲೆ

ಅಕ್ಕ ಮದುವೆಗೆ ಮುಂಚೆ ದಾವಣಗೆರೆಯ ಒಂದು ಪಾರ್ಲರ್‌ನಲ್ಲಿ ಥ್ರೆಡ್ಡಿಂಗ್, ಅಂದ್ರೆ ದಾರದಿಂದ ಕೂದಲು ಕಿತ್ತು ಹುಬ್ಬು ತಿದ್ದೋದು, ಕಲಿತಿದ್ರು. ಇಲ್ಲಿಗೆ ಬಂದು ಕೆಲವು ವರ್ಷ ಮನೇಲೇ ಇದ್ದು, 2011ರಲ್ಲಿ ಮಾಲ್‌ನ ಕಾರಿಡಾರ್ ಮಧ್ಯ ಒಂದು ಕಿಯೋಸ್ಕ್ ತಗೊಂಡ್ರು, ಎರಡು ಕುರ್ಚಿ, ಒಂದು ಕನ್ನಡಿ, ದಾರದ ಉಂಡೆ, ಅಷ್ಟೇ. ಅಮೆರಿಕದ ಮಾಲ್‌ಗಳಲ್ಲಿ ನಮ್ಮ ಕಡೆ ಹೆಂಗಸ್ರು ನಡೆಸೋ ಐಬ್ರೋ ಅಂಗಡಿ ಹೊಸದೇನಲ್ಲ, ಟೆಕ್ಸಸ್‌ನಲ್ಲಂತೂ ದಾರ ಹಿಡಿಯೋಕೆ 750 ಗಂಟೆ ಬ್ಯೂಟಿ ಕೋರ್ಸ್ ಮಾಡ್ಬೇಕು ಅನ್ನೋ ರೂಲ್ ಸರಿಯಿಲ್ಲ ಅಂತ ಕೆಲವರು ಕೋರ್ಟಿಗೆ ಹೋಗಿ 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದೂ ಬಂದ್ರು. ಅಕ್ಕನ ಕೈ ಚೆನ್ನಾಗಿತ್ತು, ಬಾಯಿ ಇನ್ನೂ ಚೆನ್ನಾಗಿತ್ತು. 2014ಕ್ಕೆ ಸುಮಾರು 800 ಚದರಡಿ ಅಂಗಡಿಗೆ ಬಂದ್ರು, ಐದು ವರ್ಷದ ಲೀಸ್. ಅದೇ ಸಮಯಕ್ಕೆ ಭಾವನ ಕಾಂಟ್ರಾಕ್ಟ್ ಕೆಲಸ ಮುಗಿದಿತ್ತು, ಅವರೂ ಕೌಂಟರ್‌ನಲ್ಲಿ ಕೂತ್ರು.

ಅಂಗಡಿ ಇದ್ದ ಜಾಗ ಮುಖ್ಯ. ಮಾಲ್‌ಗೆ ನಾಲ್ಕು ತುದಿ, ನಾಲ್ಕು ತುದೀಲೂ ಒಂದೊಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್, ಇವಕ್ಕೆ ಆಂಕರ್ ಅಂತಾರೆ. ಅಕ್ಕನ ಅಂಗಡಿ ಪೂರ್ವದ ಆಂಕರ್‌ನ ಬಾಗಿಲಿಂದ ನಾಲ್ಕನೇದು. ಆ ಸ್ಟೋರ್‌ನ ಮಾಲ್ ಕಡೆ ಬಾಗಿಲ ಹತ್ರಾನೇ ಕಾಸ್ಮೆಟಿಕ್ಸ್ ಕೌಂಟರ್ ಇತ್ತು. ಅಲ್ಲಿ ಲಿಪ್‌ಸ್ಟಿಕ್ ಹಚ್ಚಿ ನೋಡಿ ಹೊರಗೆ ಬಂದ ಹೆಂಗಸರು ಇಲ್ಲಿ ಹುಬ್ಬು ಮಾಡಿಸ್ಕೊಂಡು ಹೋಗ್ತಿದ್ರು.

ಆಂಕರ್ ಅಂದ್ರೆ ಏನು ಅಂತ ನಮ್ಮೋರಿಗೆ ನಾನು ಹೀಗೆ ಹೇಳೋದು: ಜಾತ್ರೇಲಿ ತೇರು ಇದ್ದ ಹಾಗೆ. ಜನ ಬರೋದು ತೇರು ನೋಡೋಕೆ, ಬದುಕೋದು ಮಂಡಕ್ಕಿ ಮಿರ್ಚಿ ಅಂಗಡಿಯವ್ರು, ಬಳೆಯವ್ರು. ತೇರಿನವರ ಹತ್ರ ಯಾರೂ ನೆಲಬಾಡಿಗೆ ವಸೂಲಿ ಮಾಡಲ್ಲ, ಬಳೆಯವರ ಹತ್ರ ಮಾಡ್ತಾರೆ. ಇಲ್ಲೂ ಹಾಗೇನೇ, ಆಂಕರ್‌ಗಳು ಚದರಡಿ ಲೆಕ್ಕದಲ್ಲಿ ಕೊಡೋದು ಚಿಲ್ಲರೆ ಕಾಸು, ಎಷ್ಟೋ ಕಡೆ ತಮ್ಮ ಕಟ್ಟಡ, ಅದರ ಕೆಳಗಿನ ಜಾಗ ಎಲ್ಲ ಅವರದೇ ಸ್ವಂತ, ಮಾಲ್ ಓನರ್‌ಗೆ ಬಾಡಿಗೆ ಹುಟ್ಟೋದು ಮಧ್ಯದ ಸಣ್ಣ ಅಂಗಡಿಗಳಿಂದ. 1956ರಲ್ಲಿ ಮಿನೆಸೋಟಾದ ಈಡೈನಾದಲ್ಲಿ ವಿಕ್ಟರ್ ಗ್ರೂಯೆನ್ ಅನ್ನೋ ಆರ್ಕಿಟೆಕ್ಟ್ ಸೌತ್‌ಡೇಲ್ ಅಂತ ಮೊದಲ ಮುಚ್ಚಿದ, ಏಸಿ ಇರೋ ಮಾಲ್ ಕಟ್ಟಿದಾಗಲೇ ಎರಡು ಡಿಪಾರ್ಟ್‌ಮೆಂಟ್ ಸ್ಟೋರ್‌ನ ಒಂದೇ ಸೂರಿನಡಿ ತಂದಿದ್ದ. ಅದಕ್ಕೆ ಎರಡು ವರ್ಷ ಮುಂಚೆ ಟ್ಯಾಕ್ಸ್ ಕಾನೂನು ಬದಲಾಗಿ, ಹೊಸ ಕಟ್ಟಡದ ಸವಕಳೀನ ಮೊದಲ ವರ್ಷಗಳಲ್ಲೇ ಜಾಸ್ತಿ ತೋರಿಸ್ಬಹುದು ಅಂತಾಯ್ತು, ಅಂದ್ರೆ ಕಟ್ಟಿದವನಿಗೆ ಶುರುವಲ್ಲೇ ತೆರಿಗೆ ಉಳಿತಾಯ. ಜನ ಇದಾರೋ ಇಲ್ವೋ, ಹೈವೇ ಪಕ್ಕ ಹೊಲದಲ್ಲಿ ಮಾಲ್ ಎದ್ದಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಮಾಲ್ ಕಟ್ಟಿದ್ದು ಎಪ್ಪತ್ತರ ದಶಕದಲ್ಲಿ, ಅಷ್ಟೊತ್ತಿಗೆ ಅರ್ಧ ಗಂಟೆ ದೂರದಲ್ಲಿ ಇನ್ನೆರಡು ಇದ್ವು.

ಎಲ್ಲದಕ್ಕೂ ಆನ್‌ಲೈನೇ ಕಾರಣ ಅಂತ ಹೇಳೋರನ್ನ ನಾನು ಪೂರ್ತಿ ನಂಬಲ್ಲ. ಮಾಲ್‌ಗಳು ಅಗತ್ಯಕ್ಕಿಂತ ಜಾಸ್ತಿ ಇದ್ವು. ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಿಂದ ಗಿರಾಕೀನ ಮೊದಲು ಕಿತ್ಕೊಂಡಿದ್ದು ಟಾರ್ಗೆಟ್, ವಾಲ್‌ಮಾರ್ಟ್, ಟಿ.ಜೆ.ಮ್ಯಾಕ್ಸ್ ಥರದವು. ಆಮೇಲೆ ಒಬ್ಬರನ್ನೊಬ್ಬರು ನುಂಗೋದು ಶುರುವಾಯ್ತು, 2005ರಲ್ಲಿ ಮೇಸೀಸ್‌ನ ಮಾತೃಸಂಸ್ಥೆ ಫೆಡರೇಟೆಡ್ ಹೋಗಿ ಮೇ ಅನ್ನೋ ಇನ್ನೊಂದು ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನೀನ ಕೊಂಡ್ಕೊಂಡಾಗ ಎಷ್ಟೋ ಮಾಲ್‌ಗಳಲ್ಲಿ ಎದುರುಬದುರು ಪೈಪೋಟಿ ಮಾಡ್ತಿದ್ದ ಎರಡು ಆಂಕರ್ ಒಂದೇ ಮನೆಯವು ಆಗ್ಬಿಟ್ವು, ಒಂದಕ್ಕೆ ಬೀಗ ಬಿತ್ತು. ಅದೇ ವರ್ಷ ಸಿಯರ್ಸ್, ಕೆಮಾರ್ಟ್ ಅನ್ನೋ ಎರಡು ದೊಡ್ಡ ಅಂಗಡಿ ಕಂಪನಿಗಳು ಒಂದಾದ್ವು, 2015ರಲ್ಲಿ ಸಿಯರ್ಸ್ ತನ್ನ 235 ಆಸ್ತಿಗಳನ್ನ ಬೇರೆ ಕಂಪನಿಗೆ ಸುಮಾರು 2.7 ಬಿಲಿಯನ್ ಡಾಲರ್‌ಗೆ ಮಾರಿ ಅಲ್ಲೇ ಬಾಡಿಗೆಗೆ ಕೂತ್ಕೊಳ್ತು, 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ. ಸ್ವಂತ ಮನೆ ಮಾರಿ ಅದೇ ಮನೇಲಿ ಬಾಡಿಗೆಗೆ ಇರೋರ ಕಥೆ ಹೇಗೆ ಮುಗಿಯುತ್ತೆ ಅಂತ ನಮ್ಮ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.

ಸಮಸ್ಯೆ

2016ರಲ್ಲಿ ಉತ್ತರದ ತುದಿಯ ಆಂಕರ್ ಮುಚ್ಚಿತು. ಅದು ಟೂಲ್ಸ್, ವಾಷಿಂಗ್ ಮೆಷಿನ್, ಟೈರು ಇಂಥವಕ್ಕೆ ಹೆಸರಾಗಿದ್ದ ಸ್ಟೋರು. ಅಕ್ಕನ ವ್ಯಾಪಾರದ ಮೇಲೆ ಒಂದು ಗೆರೆಯಷ್ಟೂ ಪರಿಣಾಮ ಆಗ್ಲಿಲ್ಲ. ನಾನು ಲೆಕ್ಕ ಹಾಕಿ "ನೋಡಿ ಭಾವ, ನಿಮ್ಮ ಗಿರಾಕಿ ಬರೋದು ನಿಮಗೋಸ್ಕರ" ಅಂದೆ. ಇಡೀ ಪ್ರಕರಣದಲ್ಲಿ ಅತ್ಯಂತ ದುಬಾರಿ ಬಿದ್ದ ಮಾತು ಇದು. ತೇರುಗಳು ನಾಲ್ಕಿದ್ವು, ಮುರಿದಿದ್ದು ನಮ್ಮದಲ್ಲದ್ದು, ಅದಕ್ಕೇ ನಮಗೆ ಏನೂ ಆಗಿರ್ಲಿಲ್ಲ.

2017ರ ಕೊನೇಲಿ ಮಾಲ್ ಮ್ಯಾನೇಜ್‌ಮೆಂಟಿಂದ ಒಂದು ಆಫರ್ ಬಂತು. ಲೀಸ್ ಮುಗಿಯೋಕೆ ಇನ್ನೂ ವರ್ಷದ ಮೇಲಿದೆ, ಆದ್ರೆ ಈಗಲೇ ಇನ್ನು ನಾಲ್ಕು ವರ್ಷಕ್ಕೆ ಸಹಿ ಹಾಕಿದ್ರೆ ಬಾಡಿಗೇಲಿ ನೂರಕ್ಕೆ ಹತ್ತು ಕಡಿಮೆ. ಬಾಡಿಗೆ ತಿಂಗಳಿಗೆ 4,000 ಡಾಲರ್, ಅದರ ಮೇಲೆ ಕ್ಯಾಮ್ ಅಂತ 1,200, ಅಂದ್ರೆ ಕಾರಿಡಾರ್ ಕರೆಂಟು, ಗುಡಿಸೋದು, ಸೆಕ್ಯುರಿಟಿ, ಪಾರ್ಕಿಂಗ್‌ನಲ್ಲಿ ಹಿಮ ತೆಗೆಯೋದು ಇದಕ್ಕೆಲ್ಲ ಅಂಗಡಿಯವರು ಹಂಚ್ಕೊಂಡು ಕಟ್ಟೋ ದುಡ್ಡು. 400 ಉಳಿಯುತ್ತೆ ಅಂತ ಖುಷಿ. ಇಷ್ಟು ಬೇಗ ಯಾಕೆ ಕೇಳ್ತಿದಾರೆ ಅಂತ ನಮಗ್ಯಾರಿಗೂ ಹೊಳೀಲಿಲ್ಲ.

ಅಲ್ಲ, ಅಕ್ಕನಿಗೆ ಹೊಳೆದಿತ್ತು. ಕಾಸ್ಮೆಟಿಕ್ಸ್ ಕೌಂಟರ್‌ನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹುಡುಗಿ ಎರಡು ವಾರಕ್ಕೊಂದ್ಸಲ ಹುಬ್ಬು ಮಾಡಿಸ್ಕೊಳ್ಳೋಕೆ ಬರ್ತಿದ್ಲು, ದೊಡ್ಡ ಬ್ರ್ಯಾಂಡ್ ಒಂದು ಆ ಸ್ಟೋರ್‌ನಿಂದ ತನ್ನ ಕೌಂಟರ್ ಎತ್ತುತ್ತಂತೆ, ಇನ್ನೊಂದರ ಮಾಲು ಸರಿಯಾಗಿ ಬರ್ತಿಲ್ಲವಂತೆ ಅಂತ ಹೇಳಿದ್ಲು. ಅಕ್ಕ ನನಗೆ ಫೋನ್ ಮಾಡಿ, "ಅಲ್ಲಪ್ಪ, ಅಂಗಡಿ ನಡೆಯಂಗಿದ್ರೆ ಅವ್ರು ಯಾಕೆ ಮಾಲು ಕಳ್ಸಲ್ಲ? ಸ್ವಲ್ಪ ತಡಿಯೋಣೇನು?" ಅಂದ್ರು. ನಾನು "ಅಕ್ಕ, ಅದು ನೂರು ವರ್ಷದ ಕಂಪನಿ, ಒಂದು ಕೌಂಟರ್ ಹೋದ್ರೆ ಏನಾಗಲ್ಲ" ಅಂದೆ. ಸಪ್ಲೈಯರ್ ಕೈ ಹಿಡಿತ ಬಿಗಿ ಮಾಡೋದು ಅಂಗಡಿ ಮುಳುಗೋದರ ಮೊದಲ ಗುರುತು ಅಂತ ಅಕೌಂಟಿಂಗ್ ಓದಿದ ನನಗೆ ಗೊತ್ತಿರ್ಬೇಕಿತ್ತು, ದಾರ ಹಿಡಿಯೋ ಅಕ್ಕನಿಗೆ ಗೊತ್ತಾಗಿತ್ತು.

ಜನವರಿಯಲ್ಲಿ ಸಹಿ ಬಿತ್ತು. ಆರು ತಿಂಗಳೊಳಗೆ ಪೂರ್ವದ ಆಂಕರ್ ಮೇಲೆ ದೊಡ್ಡ ಹಳದಿ ಬ್ಯಾನರ್, ಎಲ್ಲಾ ಮಾರಾಟಕ್ಕಿದೆ, ಗೋಡೆ ಗೂಟಾನೂ ಮಾರಾಟಕ್ಕಿದೆ.

ಆರೋ ದೀಪ ಜೋರಾಗಿ ಉರಿಯುತ್ತೆ ಅಂತಾರಲ್ಲ, ಆ ಕ್ಲಿಯರೆನ್ಸ್ ಸೇಲ್ ನಡೆದ ಎರಡು ತಿಂಗಳು ಅಕ್ಕನ ಅಂಗಡೀಲಿ ಅವರು ಯಾವತ್ತೂ ಕಾಣದ ವ್ಯಾಪಾರ. ಒಬ್ಬ ಹುಡುಗೀನ ಹೊಸದಾಗಿ ಕೆಲಸಕ್ಕೂ ತಗೊಂಡ್ರು. ಆಮೇಲೆ ಒಂದು ಭಾನುವಾರ ಶಟರ್ ಎಳೆದ್ರು, ಸೋಮವಾರ ಆ ಕಾರಿಡಾರ್‌ನಲ್ಲಿ ನಡೆದ್ರೆ ನಮ್ಮ ಚಪ್ಪಲಿ ಸದ್ದೇ ನಮಗೆ ಕೇಳಿಸ್ತಿತ್ತು.

ಏನೇನು ಮಾಡಿದ್ವಿ

ಮೊದಲು ಲೀಸ್ ತೆಗೆದು ನೋಡಿದ್ವಿ. 2014ರ ಹಳೇ ಲೀಸ್‌ನಲ್ಲಿ ಕೋ-ಟೆನೆನ್ಸಿ ಅಂತ ಒಂದು ಷರತ್ತು ಇತ್ತು: ನಾಲ್ಕು ಆಂಕರ್‌ನಲ್ಲಿ ಎರಡು ಮುಚ್ಚಿ, ಆರು ತಿಂಗಳಾದ್ರೂ ಆ ಜಾಗಕ್ಕೆ ಇನ್ನೊಂದು ಡಿಪಾರ್ಟ್‌ಮೆಂಟ್ ಸ್ಟೋರ್ ಬರ್ಲಿಲ್ಲ ಅಂದ್ರೆ ಫಿಕ್ಸೆಡ್ ಬಾಡಿಗೆ ನಿಂತು ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಆಗುತ್ತೆ. ಈಗ ಎರಡು ಮುಚ್ಚಿದೆ, ಸರಿ ಅಂದ್ಕೊಂಡ್ವಿ. ಆದ್ರೆ ಜನವರಿಯಲ್ಲಿ ಸಹಿ ಹಾಕಿದ ತಿದ್ದುಪಡಿಯ ಒಂಬತ್ತನೇ ಪುಟದಲ್ಲಿ "ಡಿಪಾರ್ಟ್‌ಮೆಂಟ್ ಸ್ಟೋರ್" ಅನ್ನೋದನ್ನ ತೆಗೆದು "ಯಾವುದೇ ಬಾಡಿಗೆದಾರ" ಅಂತ ಮಾಡಿದ್ರು. ಉತ್ತರದ ಖಾಲಿ ಆಂಕರ್‌ನ ಕಾಲು ಭಾಗದಲ್ಲಿ ಮಕ್ಕಳು ಕುಣಿಯೋ ಟ್ರ್ಯಾಂಪೊಲಿನ್ ಪಾರ್ಕ್ ಬಂದಿತ್ತು. ಅಂದ್ರೆ ಕಾಗದದ ಪ್ರಕಾರ ಉತ್ತರದ ತೇರು ಇನ್ನೂ ಎಳೀತಾನೇ ಇತ್ತು! ಆ ಪುಟ ನಾನು ಓದಿದ್ದೆ, ಕಣ್ಣು ಹಾಯಿಸಿದ್ದೆ ಅನ್ನೋದು ಸರಿ. ನನ್ನ ಗಮನ ಎಲ್ಲ 400 ಡಾಲರ್ ಮೇಲೆ. ಲಾಯರ್‌ಗೆ ತೋರಿಸಿದ್ರೆ ಆರೇಳುನೂರು ಡಾಲರ್ ಆಗ್ತಿತ್ತು, ಅದನ್ನೂ ಉಳಿಸಿದ್ವಿ.

ಪಕ್ಕದ ದೊಡ್ಡ ಚೈನ್‌ಗಳ ಲೀಸ್‌ನಲ್ಲಿ ಇದೇ ಷರತ್ತು ಗಟ್ಟಿಯಾಗಿತ್ತು ಅನ್ಸುತ್ತೆ, ಶೂ ಅಂಗಡಿ ಆರೇ ತಿಂಗಳಲ್ಲಿ ಎದ್ದು ಹೋಯ್ತು, ಗ್ರೀಟಿಂಗ್ ಕಾರ್ಡ್ ಅಂಗಡಿ ಅದರ ಹಿಂದೆ. ಡಿಸ್ಕೌಂಟ್ ಕೂಪನ್ ಹಂಚಿದ್ವಿ, ಹಳೇ ಗಿರಾಕಿಗಳೇ ಕಡಿಮೆ ದುಡ್ಡಿಗೆ ಮಾಡಿಸ್ಕೊಂಡ್ರು ಅಷ್ಟೇ, ಹೊಸಬರು ಬರ್ಲಿಲ್ಲ. ಮಧ್ಯಾಹ್ನ ಮಾತ್ರ ತೆಗೀತೀವಿ ಅಂದ್ರೆ ಮಾಲ್ ಟೈಮಿಂಗ್ ಪಾಲಿಸ್ಲಿಲ್ಲ ಅಂದ್ರೆ ದಂಡ. ಪಶ್ಚಿಮದ ಕಡೆ ಜಾಗ ಕೊಡ್ತೀವಿ, ಆದ್ರೆ ಒಳಗಿನ ಕೆಲಸದ ಖರ್ಚು ನಿಮ್ದೇ ಅಂದ್ರು, ಅದು ಇಪ್ಪತ್ತು ಸಾವಿರ ದಾಟ್ತಿತ್ತು, ಬೇಡ ಅಂದ್ವಿ. ಪಶ್ಚಿಮದ ಆಂಕರ್ ಆಮೇಲೆ ಏನಾಯ್ತು ಅಂತ ನೋಡಿದ್ರೆ ಅದೊಂದು ಸರಿಯಾದ ನಿರ್ಧಾರ, ಆದ್ರೆ ತಗೊಂಡಿದ್ದು ದುಡ್ಡಿಲ್ಲ ಅನ್ನೋ ಕಾರಣಕ್ಕೆ, ಬುದ್ಧಿವಂತಿಕೆಯಿಂದಲ್ಲ.

2019ರ ಶುರುವಲ್ಲಿ ಕ್ಯಾಮ್‌ನ ವರ್ಷದ ಲೆಕ್ಕ ಬಂತು. ತಿಂಗಳಿಗೆ 1,200 ಇದ್ದಿದ್ದು 1,700. ದೀಪ ಅರ್ಧ ಆರಿಸಿದಾರೆ, ಕಾವಲುಗಾರರು ಇಬ್ಬರಿದ್ದೋರು ಒಬ್ಬ ಆಗಿದಾನೆ, ದುಡ್ಡು ಮಾತ್ರ ಯಾಕೆ ಜಾಸ್ತಿ? ಭಾವ ರಾತ್ರಿ ಕೂತು ಲೀಸ್ ಓದಿದ್ರು, ಆ ಮನುಷ್ಯ ಮೊದಲು ಟೆಸ್ಟಿಂಗ್ ಕೆಲಸದಲ್ಲಿದ್ದೋರು, ತಪ್ಪು ಹುಡುಕೋದು ಅಭ್ಯಾಸ. ಖರ್ಚನ್ನ ಮಾಲ್‌ನ ಒಟ್ಟು ಜಾಗದಿಂದ ಭಾಗಿಸ್ತಿರ್ಲಿಲ್ಲ, "ಬಾಡಿಗೆಗೆ ಹೋಗಿರೋ ಜಾಗ"ದಿಂದ ಭಾಗಿಸ್ತಿದ್ರು. ಅಂದ್ರೆ ಒಬ್ಬೊಬ್ಬರೇ ಖಾಲಿ ಮಾಡಿದಷ್ಟೂ ಉಳಿದೋರ ಪಾಲು ಬೆಳೀತಾ ಹೋಗುತ್ತೆ. ಚೀಟಿ ಹಾಕಿದೋರಲ್ಲಿ ನಾಲ್ಕು ಜನ ಓಡಿಹೋದ್ರೆ ಉಳಿದೋರೇ ತುಂಬ್ಬೇಕು ಅನ್ನೋ ಥರ. ಇದು ಮೋಸ ಅಲ್ಲ, 2014ರಿಂದಲೂ ಕಾಗದದಲ್ಲಿ ಇದ್ದಿದ್ದೇ, ಮಾಲ್ ತುಂಬಿದ್ದಾಗ ಎರಡೂ ಲೆಕ್ಕ ಒಂದೇ ಥರ ಕಾಣಿಸ್ತಿತ್ತು. ಲೀಸ್ ಪ್ರಕಾರ ಲ್ಯಾಂಡ್‌ಲಾರ್ಡ್ ಸರಿ, ಆದ್ರೂ ಆ ಬಿಲ್ ಹಿಡ್ಕೊಂಡು ಕೂತಿದ್ದ ಭಾವನ ಮುಖ ನನಗೆ ಇನ್ನೂ ಮರೆತಿಲ್ಲ.

ತಿರುವು

ತಿರುವು ಬಂದಿದ್ದು ಅಕ್ಕನಿಂದ. 2019ರ ಬೇಸಿಗೆಯಲ್ಲಿ ಮೂರು ವಾರ, ಕುರ್ಚೀಲಿ ಕೂತ ಪ್ರತಿಯೊಬ್ಬರ ಹತ್ರಾನೂ ಎರಡೇ ಪ್ರಶ್ನೆ ಕೇಳಿದ್ರು: ಯಾವ ಬಾಗಿಲಿಂದ ಬಂದ್ರಿ, ಇವತ್ತು ಮಾಲ್‌ನಲ್ಲಿ ಇನ್ನೆಲ್ಲಿಗೆ ಹೋಗ್ತೀರಿ. ಹುಬ್ಬು ಎಳೆಸ್ಕೊಳ್ಳೋರು ತಲೆ ಅಲ್ಲಾಡಿಸೋ ಹಾಗಿಲ್ಲ, ಉತ್ತರ ಕೊಡ್ಲೇಬೇಕು ಅಂತ ಅಕ್ಕನೇ ನಗ್ತಾರೆ. ಜೊತೆಗೆ, ಇಷ್ಟ ಇದ್ರೆ ಮೊದಲ ಹೆಸರು, ಫೋನ್ ನಂಬರ್ ಒಂದು ನೋಟ್‌ಬುಕ್ಕಲ್ಲಿ. ನಾನೂರು ಚಿಲ್ಲರೆ ಜನ ಆದ್ರು. ಹತ್ತರಲ್ಲಿ ಏಳು ಜನ ಬಂದಿದ್ದೇ ಅಕ್ಕನ ಹತ್ರ, ಹುಬ್ಬು ಮುಗಿಸಿ ಸೀದಾ ಕಾರಿಗೆ. ಅದೂ ಪೂರ್ವದ ಬಾಗಿಲು ಮುಚ್ಚಿದ್ರಿಂದ ಫುಡ್ ಕೋರ್ಟ್ ಕಡೆಯಿಂದ ಸುತ್ತಿ, ಅರ್ಧ ಮಾಲ್ ನಡೆದು ಬರೋರು.

ಇದನ್ನ ನೋಡಿದ ಮೇಲೆ ನಮ್ಮ ತಲೇಲಿದ್ದ ಪ್ರಶ್ನೇನೇ ಬದಲಾಯ್ತು. ಅಲ್ಲೀವರೆಗೂ ಮಾಲ್ ಮತ್ತೆ ಯಾವಾಗ ತುಂಬುತ್ತೆ ಅಂತ ಕಾಯ್ತಿದ್ವಿ. ಈಗ ಗೊತ್ತಾಗಿದ್ದು ಏನಂದ್ರೆ ನಾವು ದಾರಿಹೋಕ ಗಿರಾಕಿಗೆ ಅಂತ ತಿಂಗಳಿಗೆ 5,300 ಕಟ್ತಿದೀವಿ, ಆ ದಾರಿಹೋಕರೇ ಇಲ್ಲ, ಬರೋರೆಲ್ಲ ಕಷ್ಟಪಟ್ಟು ಹುಡುಕ್ಕೊಂಡು ಬರೋರು. ಮಾಲ್ ನಮಗೆ ಜನ ಕೊಡ್ತಿಲ್ಲ, ಅಡ್ಡ ನಿಂತಿದೆ. ನಾನು 2016ರಲ್ಲಿ ಹೇಳಿದ ಮಾತು ಮೂರು ವರ್ಷ ತಡವಾಗಿ ನಿಜ ಆಗಿತ್ತು ಅನ್ನಬಹುದು, ಆದ್ರೆ ಅಷ್ಟೊತ್ತಿಗೆ ತಿಂಗಳ ವ್ಯಾಪಾರ 18,000 ಡಾಲರ್‌ನಿಂದ 11,000ಕ್ಕೆ ಇಳಿದಿತ್ತು. ಇದೇ ಪ್ರಶ್ನೇನ ಪೂರ್ವದ ಆಂಕರ್ ಇದ್ದಾಗ ಕೇಳಿದ್ದಿದ್ರೆ ಅದರ ಮೇಲೆ ಎಷ್ಟು ನಿಂತಿದೀವಿ ಅಂತ ಸಹಿಗೆ ಮುಂಚೇನೇ ಗೊತ್ತಾಗ್ತಿತ್ತು. ನಾನು ನೋಡ್ತಿದ್ದಿದ್ದು ವರ್ಷದ ಒಟ್ಟು ಮೊತ್ತ, ಅದರಲ್ಲಿ ಬಾಗಿಲು ಕಾಣಲ್ಲ.

ಸರಿ, ಹೊರಡೋಣ ಅಂದ್ರೆ ಹೊರಡೋಕೆ ಬಿಡ್ಬೇಕಲ್ಲ. ಲೀಸ್‌ಗೆ ಇಬ್ಬರದೂ ಪರ್ಸನಲ್ ಗ್ಯಾರಂಟಿ ಇತ್ತು, ಅಂಗಡಿ ಕಂಪನಿ ಮುಳುಗಿದ್ರೂ ಬಾಕಿ ಬಾಡಿಗೆಗೆ ಅವರ ಮನೆ, ಉಳಿತಾಯದ ಮೇಲೆ ಬರಬಹುದು. ಅದಕ್ಕೇ ಸುಮ್ನೆ ಬೀಗ ಹಾಕಿ ಹೋಗೋ ಯೋಚನೆ ಬಿಟ್ಟು, ಮೊದಲು ಒಂದು ವರ್ಷಕ್ಕೆ ಫಿಕ್ಸೆಡ್ ಬಾಡಿಗೆ ಬದಲು ವ್ಯಾಪಾರದ ನೂರಕ್ಕೆ ಹದಿನೈದು ಕೇಳಿದ್ವಿ. ಒಂದು ವರ್ಷದ ವಾರವಾರದ ಲೆಕ್ಕ, ಅಕ್ಕನ ನೋಟ್‌ಬುಕ್, ಆ ಕಾರಿಡಾರ್‌ನ ಫೋಟೋಗಳು ಎಲ್ಲ ತಗೊಂಡು ಹೋಗಿ ಟೇಬಲ್ ಮೇಲೆ ಇಟ್ವಿ. ಆರು ತಿಂಗಳಿಗೆ ಒಪ್ಪಿದ್ರು. ಖಾಲಿ ಅಂಗಡಿಗಿಂತ ದೀಪ ಹಚ್ಚಿರೋ ಅಂಗಡಿ ಅವರಿಗೂ ಬೇಕಿತ್ತು, ಹೊಸಬರಿಗೆ ಮಾಲ್ ತೋರಿಸುವಾಗ ಕತ್ತಲ ಕಾರಿಡಾರ್ ತೋರಿಸೋಕಾಗಲ್ಲ. ಬಡಪಾಯಿ ಬಾಡಿಗೆದಾರನ ಕೈಲೂ ಒಂದು ಹತಾರ ಇರುತ್ತೆ ಅಂತ ನಮಗೆ ಆವತ್ತು ಗೊತ್ತಾಯ್ತು.

ಆರು ತಿಂಗಳು ಮುಗಿದು ಸ್ವಲ್ಪ ದಿನಕ್ಕೆ ಮಾರ್ಚ್ 2020. ಮುಖ ಮುಟ್ಟಿ ಮಾಡೋ ಕೆಲಸ, ಪೂರ್ತಿ ಬಂದ್. ಆ ವರ್ಷ ಮೇನಲ್ಲಿ ಜೆಸಿ ಪೆನ್ನಿ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿ ದಿವಾಳಿ ಅರ್ಜಿ ಹಾಕ್ತು, ನವೆಂಬರ್ ಹೊತ್ತಿಗೆ ಸಿಬಿಎಲ್ ಥರದ ಮಾಲ್ ಓನರ್ ಕಂಪನಿಗಳೇ ಅದೇ ದಾರಿ ಹಿಡಿದ್ವು. ನಮ್ಮ ಲ್ಯಾಂಡ್‌ಲಾರ್ಡ್ ಮೊದಲು ಮುಚ್ಚಿದ್ದ ತಿಂಗಳ ಬಾಡಿಗೇನೂ ಬೇಕು ಅಂತ ನೋಟಿಸ್ ಕಳಿಸಿದ್ರು, ಬೇಸಿಗೆ ಹೊತ್ತಿಗೆ ಮೆತ್ತಗಾದ್ರು. ಈ ಸಲ ಲಾಯರ್ ಇಟ್ವಿ. ಮೂರು ತಿಂಗಳ ಬಾಡಿಗೆ, ಡೆಪಾಸಿಟ್ ಬಿಟ್ಟುಕೊಡೋದು, ಅಷ್ಟಕ್ಕೆ ಮುಕ್ತಿ ಅಂತ ಮಾತಾಯ್ತು. ಅವರು ಕಳಿಸಿದ ಮೊದಲ ಕರಡಲ್ಲಿ ಲೀಸ್ ರದ್ದು ಅಂತ ಇತ್ತು, ಗ್ಯಾರಂಟಿ ರದ್ದು ಅಂತ ಇರ್ಲಿಲ್ಲ. ಲಾಯರ್‌ಗಿಂತ ಮುಂಚೆ ಅದನ್ನ ಹಿಡಿದಿದ್ದು ಭಾವ.

ಆಮೇಲೆ

ಮಾಲ್‌ನಿಂದ ಹತ್ತು ನಿಮಿಷ ದೂರದಲ್ಲಿ, ಒಂದು ದಿನಸಿ ಸೂಪರ್‌ಮಾರ್ಕೆಟ್ ಇರೋ ಸಾಲಂಗಡಿಯಲ್ಲಿ 600 ಚದರಡಿ ಸಿಕ್ತು, ಕಾರು ನಿಲ್ಲಿಸಿದ್ರೆ ಎದುರಿಗೇ ಬಾಗಿಲು. ನೋಟ್‌ಬುಕ್ಕಲ್ಲಿದ್ದ ನಂಬರುಗಳಿಗೆ ಅಕ್ಕ, ಮಗಳು ಕೂತು ಒಂದೊಂದೇ ಮೆಸೇಜ್ ಕಳಿಸಿದ್ರು. ಅಷ್ಟೊತ್ತಿಗೆ ಸಾವಿರ ದಾಟಿತ್ತು. ಎಲ್ಲರೂ ಬರ್ಲಿಲ್ಲ, ಮಾಸ್ಕ್ ಕಾಲ ಬೇರೆ, ಆದ್ರೆ ಮುಖದಲ್ಲಿ ಕಾಣೋದು ಹುಬ್ಬು ಒಂದೇ ಅಲ್ವಾ ಆಗ. ವ್ಯಾಪಾರ ಹಳೇ 18,000ಕ್ಕೆ ಇವತ್ತಿಗೂ ಹೋಗಿಲ್ಲ. 14,000 ಆಸುಪಾಸಿದೆ, ಬಾಡಿಗೆ ಎಲ್ಲ ಸೇರಿ ಅದರ ಆರನೇ ಒಂದು ಭಾಗ, ಕೈಗೆ ಉಳಿಯೋದು ಮಾಲ್‌ನ ಒಳ್ಳೇ ದಿನಗಳಿಗಿಂತ ಸ್ವಲ್ಪ ಜಾಸ್ತೀನೇ.

ಮಾಲ್‌ನ ಒಳಗಿನ ಕಾರಿಡಾರ್‌ಗೆ 2022ರಲ್ಲಿ ಬೀಗ ಬಿತ್ತು. ಪಶ್ಚಿಮದ ಆಂಕರ್ ಅದಕ್ಕೂ ಮುಂಚೆ ಹೋಗಿತ್ತು. ದಕ್ಷಿಣದ್ದು ಮಾತ್ರ ಇನ್ನೂ ಇದೆ, ಕಟ್ಟಡ ಅದರದೇ ಸ್ವಂತ, ಪಾರ್ಕಿಂಗ್ ಕಡೆ ಬಾಗಿಲಿದೆ, ಮಾಲ್ ಕಡೆ ಬಾಗಿಲಿಗೆ ಗೋಡೆ ಕಟ್ಟಿದಾರೆ. ಉಳಿದಿದ್ದನ್ನ ಕೆಡವೋಣ ಅಂದ್ರೆ ಅದರ ಒಪ್ಪಿಗೆ ಬೇಕಂತೆ, ಪಾರ್ಕಿಂಗ್ ಹೀಗೇ ಇರ್ಬೇಕು, ದಾರಿ ಹೀಗೇ ಇರ್ಬೇಕು ಅಂತ ಆಂಕರ್‌ಗಳೂ ಓನರ್ರೂ ಎಪ್ಪತ್ತರ ದಶಕದಲ್ಲಿ ಮಾಡ್ಕೊಂಡ ಒಪ್ಪಂದ ಇನ್ನೂ ಜೀವಂತ. ಓಹಾಯೋದಲ್ಲಿ ರಾಂಡಲ್ ಪಾರ್ಕ್, ರೋಲಿಂಗ್ ಏಕರ್ಸ್ ಮಾಲ್‌ಗಳನ್ನ ಕೆಡವಿ ಅದೇ ಜಾಗದಲ್ಲಿ ಅಮೆಜಾನ್ ಗೋದಾಮು ಬಂತು. ನಮ್ಮ ಊರಿನೋರೂ ಅಂಥದ್ದೇ ಏನೋ ಬರುತ್ತೆ ಅಂತ ಕಾಯ್ತಿದಾರೆ.

ಬೆಂಗಳೂರಲ್ಲಿ ಅಂಗಡಿ ಇಟ್ಟಿರೋ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದಾಗ "ನಮ್ಮಲ್ಲಿ ದೊಡ್ಡ ಅಂಗಡಿಯೋರೂ ಬಾಡಿಗೆಗೇ ಇರೋದು ಕಣೋ, ಹಿಂಗಾಗಲ್ಲ" ಅಂದ. ಮಾಲ್‌ನಲ್ಲಿ ನಿನ್ನ ಅಂಗಡಿಗೆ ಜನ ಯಾವ ಕಡೆಯಿಂದ ಬರ್ತಾರೆ ಅಂತ ಕೇಳ್ದೆ. ಎಸ್ಕಲೇಟರ್ ಕಡೆಯಿಂದ ಅಂದ. ಎಸ್ಕಲೇಟರ್ ಹತ್ತೋದು ಯಾವುದಕ್ಕೆ ಅಂದ್ರೆ ಸಿನಿಮಾಕ್ಕೆ ಅಂದ. ಥಿಯೇಟರ್‌ನೋರ ಲೀಸ್ ಯಾವಾಗ ಮುಗಿಯುತ್ತೆ ಅಂತ ಕೇಳಿದ್ದಕ್ಕೆ ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತಿರ್ಲಿಲ್ಲ.

ಆ ಪ್ರಶ್ನೆ ನನ್ನದಲ್ಲ, ಭಾವನದು. ಸಾಲಂಗಡಿ ಜಾಗ ನೋಡೋಕೆ ಹೋದ ದಿನ ಏಜೆಂಟ್ ಬಾಡಿಗೆ ಹೇಳೋಕೆ ಬಾಯಿ ತೆಗೆಯೋ ಮುಂಚೇನೇ ಭಾವ ಸೂಪರ್‌ಮಾರ್ಕೆಟ್ ಕಡೆ ಕೈ ತೋರಿಸಿ ಅವರ ಲೀಸ್ ಯಾವತ್ತು ಮುಗಿಯುತ್ತೆ ಅಂತ ಕೇಳಿದ್ರು. ಆಯಮ್ಮ ನಕ್ಕು, ನೋಡಿ ಹೇಳ್ತೀನಿ ಅಂದ್ಲು. ಎರಡು ದಿನ ಬಿಟ್ಟು ತಾರೀಕು ಬಂತು. ಅಕ್ಕ ಅದಕ್ಕಿಂತ ಒಂದು ವರ್ಷ ಮುಂಚೆ ಮುಗಿಯೋ ಹಾಗೆ ಲೀಸ್ ಬರೆಸಿದ್ರು.